ಮಕ್ಕಳ ಪತ್ರಿಕೆ ಉಳಿಯಬೇಕಾದರೆ ಮೇಷ್ಟ್ರು ಉಳಿಯಬೇಕು

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿದೆ. ಅಲ್ಲಿನ ಸರ್ಕಾರಿ ಹೈಸ್ಕೂಲಿಗೆ 2017ರ ಮಾರ್ಚ್‌ನಲ್ಲಿ ಹೊಸ ಪ್ರಿನ್ಸಿಪಾಲರ ನೇಮಕವಾಯಿತು. ಶಾಲೆಯ ವಿದ್ಯಾರ್ಥಿ ಪತ್ರಿಕೆ ‘ಬೂಸ್ಟರ್ ರೆಡಕ್ಸ್’ ಅವರನ್ನು ಓದುಗರಿಗೆ ಪರಿಚಯಿಸುವ ಮಾಮೂಲಿ ಲೇಖನವೊಂದಕ್ಕೆ ಕೈಹಾಕಿತು. ಸ್ನಾತಕೋತ್ತರ ಪದವಿ, ಡಾಕ್ಟರೇಟು ಎರಡನ್ನೂ ಪಡೆದೆನೆಂದು ಅವರು ಹೇಳಿಕೊಂಡಿದ್ದ ವಿಶ್ವವಿದ್ಯಾಲಯವನ್ನು ಮಕ್ಕಳು ಹುಡುಕತೊಡಗಿದರು. ಅದರ ಜಾಲತಾಣ ತೆರೆಯಲಿಲ್ಲ, ಅದಕ್ಕೆ ಮಾನ್ಯತೆ ಇದ್ದ ದಾಖಲೆಯೂ ಸಿಗಲಿಲ್ಲ. ಫೋನಿನಲ್ಲಿ ಅವರನ್ನೇ ಕೇಳಿದಾಗ ಬಂದ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಮಾರ್ಚ್ 31ರಂದು ವರದಿ ಪ್ರಕಟವಾಯಿತು. ವಾರ ಕಳೆಯುವ ಮೊದಲೇ ಹೊಸ ಪ್ರಿನ್ಸಿಪಾಲರು ರಾಜೀನಾಮೆ ಕೊಟ್ಟರು. ದೇಶದ ದೊಡ್ಡ ಪತ್ರಿಕೆಗಳೆಲ್ಲ ಈ ಮಕ್ಕಳ ಜಾಣ್ಮೆಯನ್ನು ಮೆಚ್ಚಿ ಬರೆದವು. ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಜಾಣ ಮಕ್ಕಳು ಎಲ್ಲ ಊರುಗಳಲ್ಲೂ ಇದ್ದಾರೆ, ಇಂಥ ವರದಿ ಮಾತ್ರ ಅಪರೂಪ. ಪಿಟ್ಸ್‌ಬರ್ಗ್‌ನಲ್ಲಿ ಮಕ್ಕಳ ಬೆನ್ನಿಗೆ ಎರಡು ಬಲಗಳಿದ್ದವು. ಮೊದಲನೆಯದು ವಿದ್ಯಾರ್ಥಿ ಪತ್ರಿಕೆಗಳ ಸ್ವಾತಂತ್ರ್ಯಕ್ಕಾಗಿ 1992ರಲ್ಲಿ ಕಾನ್ಸಾಸ್ ಮಾಡಿಕೊಂಡ ಕಾಯ್ದೆ. ಎರಡನೆಯದು ಅವರ ಪತ್ರಿಕೋದ್ಯಮದ ಟೀಚರ್. ಪ್ರಿನ್ಸಿಪಾಲರನ್ನು ಸಂದರ್ಶಿಸಿದ ಸಮಿತಿಯಲ್ಲಿ ತಾವೂ ಇದ್ದ ಕಾರಣ ಈ ವರದಿಯ ಮಟ್ಟಿಗೆ ಅವರು ಹಿಂದೆ ಸರಿದರು. ಮಕ್ಕಳಿಗೆ ಮಾರ್ಗದರ್ಶನ ಮಾಡುವ ಹೊಣೆ ರಾಜ್ಯದ ಶಾಲಾ ಪತ್ರಿಕಾ ಸಂಘದ ಮುಖ್ಯಸ್ಥರಿಗೆ ಹೋಯಿತು. ಅಮೆರಿಕದ ಹೈಸ್ಕೂಲು ಪತ್ರಿಕೆಗಳ ಭವಿಷ್ಯ ಈ ಎರಡನೆಯ ಬಲದ ಮೇಲೇ ನಿಂತಿದೆ ಎಂಬುದು ನನ್ನ ವಾದ. ಮಕ್ಕಳಿಗೆ ಬರೆಯುವ ಹಕ್ಕು ಕೊಟ್ಟು, ಅವರಿಗೆ ಬರೆಯಲು ಕಲಿಸುವ ಶಿಕ್ಷಕರನ್ನು ಆಡಳಿತದ ದಯೆಗೆ ಬಿಟ್ಟರೆ ಆ ಹಕ್ಕಿನಿಂದ ಏನೂ ಉಪಯೋಗವಿಲ್ಲ.

ನಮ್ಮ ಶಾಲೆಗಳ ಗೋಡೆ ಪತ್ರಿಕೆ, ಕಾಲೇಜುಗಳ ವಾರ್ಷಿಕ ಸಂಚಿಕೆಗಳನ್ನು ಕಂಡವರಿಗೆ ಅಮೆರಿಕದ ಶಾಲಾ ಪತ್ರಿಕೆಯ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳದ್ದು ಹೈಸ್ಕೂಲು. ಗಣಿತ, ವಿಜ್ಞಾನದ ಜೊತೆಗೆ ಬ್ಯಾಂಡ್, ನಾಟಕ, ಮರಗೆಲಸದಂಥ ಐಚ್ಛಿಕ ವಿಷಯಗಳಿರುತ್ತವೆ. ಬಹಳಷ್ಟು ಶಾಲೆಗಳಲ್ಲಿ ಪತ್ರಿಕೋದ್ಯಮವೂ ಅಂಥದ್ದೊಂದು ವಿಷಯ. ಅದಕ್ಕೆ ವೇಳಾಪಟ್ಟಿಯಲ್ಲಿ ಪೀರಿಯಡ್ ಇದೆ, ಅಂಕವಿದೆ. ಆ ತರಗತಿಯ ಕೆಲಸವೇ ಪತ್ರಿಕೆ ತರುವುದು. ಸಂಪಾದಕರು, ವರದಿಗಾರರು, ಪುಟ ಕಟ್ಟುವವರು ಎಲ್ಲರೂ ವಿದ್ಯಾರ್ಥಿಗಳೇ. ಅವರ ನಡುವೆ ಒಬ್ಬ ಸಲಹೆಗಾರ ಶಿಕ್ಷಕರು, ಹೆಚ್ಚಾಗಿ ಇಂಗ್ಲಿಷ್ ಪಾಠ ಮಾಡುವವರು. ಸಂಚಿಕೆ ಮುಗಿಸುವ ದಿನ ಶಾಲೆ ಬಿಟ್ಟು ಎಷ್ಟೋ ಹೊತ್ತಾದ ಮೇಲೂ ಆ ಕೋಣೆಯ ದೀಪ ಉರಿಯುತ್ತಿರುತ್ತದೆ. ‘ಈ ಮಾತು ಹೇಳಿದ್ದು ಯಾರು, ಹೆಸರು ಎಲ್ಲಿ? ಇನ್ನೊಂದು ಕಡೆಯವರನ್ನು ಕೇಳಿದೆಯಾ?’ ಎಂದು ಶಿಕ್ಷಕರು ಕೇಳುತ್ತಾರೆ. ವಿದ್ಯಾರ್ಥಿ ಹೋಗಿ ಕೇಳಿಕೊಂಡು ಬಂದು ಎರಡನೆಯ ಪ್ಯಾರಾ ತಿದ್ದುತ್ತಾನೆ. ಶಿಕ್ಷಕರು ತಾವೇ ಬರೆದುಕೊಡುವುದಿಲ್ಲ, ಏನು ಬರೆಯಬೇಕೆಂದು ಹೇಳುವುದೂ ಇಲ್ಲ. ತೀರ್ಮಾನ ವಿದ್ಯಾರ್ಥಿಯದು, ತೀರ್ಮಾನಿಸುವ ವಿಧಾನ ಶಿಕ್ಷಕರದು. ಈ ಕೆಲಸ ಹಂಚಿಕೆ ಕೆಡದಿದ್ದರೆ ಸರ್ಕಾರಿ ಶಾಲೆಯೊಳಗೆ ಇದಕ್ಕಿಂತ ಒಳ್ಳೆಯ ಪೌರನೀತಿಯ ಪಾಠ ಬೇರೆ ಇರಲಾರದು.

ಆ ಹಂಚಿಕೆಯನ್ನು ಕಾನೂನು ಹೇಗೆ ನಡೆಸಿಕೊಂಡಿದೆ ನೋಡಿ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ 1965ರ ಡಿಸೆಂಬರ್‌ನಲ್ಲಿ ಅಯೋವಾ ರಾಜ್ಯದ ಡಿ ಮೊಯಿನ್‌ನಲ್ಲಿ ಕೆಲವು ವಿದ್ಯಾರ್ಥಿಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಅವರಲ್ಲೊಬ್ಬಳು 13 ವರ್ಷದ ಮೇರಿ ಬೆತ್ ಟಿಂಕರ್. ಶಾಲೆ ಅವರನ್ನು ಅಮಾನತು ಮಾಡಿತು. 1969ರಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು: ವಿದ್ಯಾರ್ಥಿಗಳಾಗಲಿ ಶಿಕ್ಷಕರಾಗಲಿ ತಮ್ಮ ವಾಕ್‌ಸ್ವಾತಂತ್ರ್ಯವನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಬರಬೇಕಿಲ್ಲ, ಪಾಠಕ್ಕೆ ಗಂಭೀರ ಅಡ್ಡಿಯಾದಾಗ ಮಾತ್ರ ಶಾಲೆ ತಡೆಯಬಹುದು. ಹತ್ತೊಂಬತ್ತು ವರ್ಷಗಳ ಬಳಿಕ, 1988ರ ಜನವರಿಯಲ್ಲಿ, ಹೇಜಲ್‌ವುಡ್ ಪ್ರಕರಣದಲ್ಲಿ ಅದೇ ನ್ಯಾಯಾಲಯ 5–3ರ ಬಹುಮತದಿಂದ ಬೇರೆ ದಾರಿ ಹಿಡಿಯಿತು. ಶಾಲೆಯೇ ಪ್ರಾಯೋಜಿಸಿ ಪಾಠದ ಭಾಗವಾಗಿ ನಡೆಸುವ ಪತ್ರಿಕೆಗೆ ಟಿಂಕರ್ ತೀರ್ಪಿನ ರಕ್ಷಣೆ ಪೂರ್ತಿಯಾಗಿ ಸಲ್ಲದು. ಶೈಕ್ಷಣಿಕವಾದ ಒಂದು ಸಮಂಜಸ ಕಾರಣವಿದ್ದರೆ ಆಡಳಿತ ಅದರ ಬರಹಗಳನ್ನು ತಡೆಹಿಡಿಯಬಹುದು ಎಂದಿತು. ಇಂಥ ಕಾರಣ ಹುಡುಕುವುದು ಯಾವ ಆಡಳಿತಕ್ಕೂ ಕಷ್ಟವಲ್ಲ.

ಹೇಜಲ್‌ವುಡ್‌ನಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದರೆ ತೀರ್ಪಿನಲ್ಲಿ ಕಾಣದ ಪಾಠವೊಂದು ಕಾಣುತ್ತದೆ. ಮಿಸೂರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನ ‘ಸ್ಪೆಕ್ಟ್ರಮ್’ ಪತ್ರಿಕೆಯ 1983ರ ಮೇ ಸಂಚಿಕೆಯಲ್ಲಿ ಗರ್ಭಿಣಿಯರಾದ ವಿದ್ಯಾರ್ಥಿನಿಯರ ಬಗ್ಗೆ ಒಂದು ಲೇಖನ, ತಂದೆ ತಾಯಿಯ ವಿಚ್ಛೇದನದ ಬಗ್ಗೆ ಇನ್ನೊಂದು ಲೇಖನ ಇದ್ದವು. ಹೆಸರು ಬದಲಿಸಿದ್ದರೂ ಆ ಹುಡುಗಿಯರ ಗುರುತು ಸಿಕ್ಕಿಬಿಡಬಹುದು, ವಿಚ್ಛೇದನದ ಲೇಖನದಲ್ಲಿ ತಂದೆಯ ಮೇಲೆ ದೂರಿದೆ, ಅವರ ಮಾತು ಕೇಳಿಲ್ಲ ಎಂಬುದು ಪ್ರಿನ್ಸಿಪಾಲರ ಆಕ್ಷೇಪ. ಯಾವ ಪತ್ರಿಕೆಯ ಸುದ್ದಿಮನೆಯಲ್ಲಾದರೂ ಹಿರಿಯ ಸಂಪಾದಕರು ಎತ್ತಬೇಕಾದ ಪ್ರಶ್ನೆಗಳೇ ಇವು. ಎರಡಕ್ಕೂ ಪರಿಹಾರವಿತ್ತು: ಗುರುತಿನ ವಿವರ ತೆಗೆಯಬಹುದಿತ್ತು, ತಂದೆಯನ್ನು ಮಾತನಾಡಿಸಬಹುದಿತ್ತು. ಪ್ರಿನ್ಸಿಪಾಲರು ಹಾಗೆ ಮಾಡಿಸದೆ ಎರಡು ಪುಟಗಳನ್ನೇ ಕಿತ್ತರು. ಯಾವ ತಕರಾರೂ ಇಲ್ಲದ ಬರಹಗಳೂ ಅದರೊಂದಿಗೆ ಹೋದವು. ವರ್ಷವಿಡೀ ಆ ತರಗತಿ ನಡೆಸಿದ್ದ ಶಿಕ್ಷಕರು ಕೆಲವೇ ದಿನಗಳ ಹಿಂದೆ, ಏಪ್ರಿಲ್ ಕೊನೆಯಲ್ಲಿ, ಕೆಲಸ ಬಿಟ್ಟು ಹೋಗಿದ್ದರು; ಅವರ ಜಾಗಕ್ಕೆ ಬಂದವರು ಹೊಸಬರು. ವಿದ್ಯಾರ್ಥಿಗಳಿಗೂ ಆಡಳಿತಕ್ಕೂ ನಡುವೆ ನಿಂತು ‘ಇದನ್ನು ಹೀಗೆ ಸರಿಪಡಿಸೋಣ’ ಎನ್ನಬಲ್ಲ ನುರಿತ ಶಿಕ್ಷಕರ ಜಾಗ ಬರಿದಾಗಿತ್ತು. ಅಲ್ಲಿ ಬೇಕಿದ್ದುದು ಕಲಿಸುವವರು. ನ್ಯಾಯಾಲಯ ಬಲ ಕೊಟ್ಟದ್ದು ತಡೆಯುವವರಿಗೆ.

ಕಲಿಸುವವರಿಗೆ ಬಲವಿಲ್ಲ ಎಂಬುದು ಬರೀ ಮಾತಲ್ಲ. 2006ರ ಗಾರ್ಸೆಟ್ಟಿ ಪ್ರಕರಣದಲ್ಲಿ, ಸರ್ಕಾರಿ ನೌಕರರು ತಮ್ಮ ಕರ್ತವ್ಯದ ಭಾಗವಾಗಿ ಆಡುವ ಮಾತಿಗೆ, ವಾಕ್‌ಸ್ವಾತಂತ್ರ್ಯವನ್ನು ಕಾಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರಿ ಶಾಲೆಯ ಶಿಕ್ಷಕರೂ ಸರ್ಕಾರಿ ನೌಕರರೇ. ‘ನನ್ನ ವಿದ್ಯಾರ್ಥಿಗಳ ಈ ವರದಿ ಸರಿಯಾಗಿದೆ, ಪ್ರಕಟವಾಗಲಿ’ ಎಂದು ಆಡಳಿತದ ಎದುರು ನಿಂತರೆ ಅವರ ಬೆನ್ನಿಗೆ ಸಂವಿಧಾನ ಬರುವ ಭರವಸೆ ಇಲ್ಲ. ಟೆಕ್ಸಾಸ್‌ನ ಪ್ರಾಸ್ಪರ್ ಹೈಸ್ಕೂಲಿನಲ್ಲಿ 2018ರಲ್ಲಿ ವಿದ್ಯಾರ್ಥಿ ಪತ್ರಿಕೆಯ ಬರಹಗಳಿಗೆ ಪ್ರಿನ್ಸಿಪಾಲರು ತಡೆ ಹಾಕಿದರು. ಅದೇ ವರ್ಷ ಸಲಹೆಗಾರ ಶಿಕ್ಷಕಿಯ ಒಪ್ಪಂದ ನವೀಕರಣವಾಗಲಿಲ್ಲ. ಟೆಕ್ಸಾಸ್‌ನಲ್ಲಿ ವಿದ್ಯಾರ್ಥಿ ಪತ್ರಿಕೆಗಳಿಗೆ ಪ್ರತ್ಯೇಕ ಕಾಯ್ದೆಯ ಆಸರೆ ಇಲ್ಲ. ಇಂಥ ಒಂದು ಸುದ್ದಿ ಸುತ್ತಲಿನ ಹತ್ತು ಶಾಲೆಗಳ ಶಿಕ್ಷಕರಿಗೆ ಸಾಕು. ಅಲ್ಲಿ ಮೇಲಿನಿಂದ ಯಾರೂ ಏನನ್ನೂ ತಡೆಯಬೇಕಾಗಿಲ್ಲ. ಊರಿನ ಶಾಲೆಗಳ ಆಡಳಿತ ನಡೆಸುವ ಸ್ಕೂಲ್ ಬೋರ್ಡಿನ ಖರ್ಚುವೆಚ್ಚದ ಪ್ರಶ್ನೆ ಬಿಟ್ಟು ಕ್ಯಾಂಟೀನಿನ ಹೊಸ ತಿಂಡಿಯ ಬಗ್ಗೆ ಬರೆಯುವುದು ಕ್ಷೇಮವೆಂದು ಶಿಕ್ಷಕರಿಗೇ ಅನ್ನಿಸತೊಡಗುತ್ತದೆ, ಮಕ್ಕಳೂ ಅದನ್ನೇ ಕಲಿಯುತ್ತಾರೆ. ಇದನ್ನು ಕ್ಯಾಲಿಫೋರ್ನಿಯಾ ಅರ್ಥ ಮಾಡಿಕೊಂಡಿತು. ವಿದ್ಯಾರ್ಥಿ ಪತ್ರಿಕೆಗಳ ಹಕ್ಕನ್ನು 1977ರಲ್ಲೇ ಕಾಯ್ದೆಯಲ್ಲಿ ಬರೆದಿದ್ದ ಆ ರಾಜ್ಯ, ಮಕ್ಕಳ ಪರ ನಿಂತ ಶಿಕ್ಷಕರನ್ನು ಶಿಕ್ಷಿಸುವಂತಿಲ್ಲ ಎಂಬ ಕಾನೂನನ್ನು 2008ರಲ್ಲಿ ಬೇರೆಯಾಗಿಯೇ ಮಾಡಬೇಕಾಯಿತು. ಕಾನ್ಸಾಸ್ ಇದನ್ನು ಮೂಲ ಕಾಯ್ದೆಯಲ್ಲೇ ಹೇಳಿತ್ತು: ಮಕ್ಕಳ ಸ್ವಾತಂತ್ರ್ಯ ಮೊಟಕುಗೊಳಿಸಲು ಒಪ್ಪದ ಸಲಹೆಗಾರರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ವರ್ಗ ಮಾಡುವಂತಿಲ್ಲ. ಪಿಟ್ಸ್‌ಬರ್ಗ್ ವರದಿ ಅಂಥ ರಾಜ್ಯದಲ್ಲಿ ಬಂದದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ಹದಿನಾರರ ಮಕ್ಕಳಿಗೆ ಇಷ್ಟು ಅಧಿಕಾರ ಬೇಕೆ, ತಪ್ಪು ಬರೆದು ಯಾರದ್ದಾದರೂ ಮಾನ ಕಳೆದರೆ ಹೊಣೆ ಯಾರು ಎಂಬ ಆಕ್ಷೇಪ ಸಹಜ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಉತ್ತರದ ಒಂದು ಭಾಗ ಕಾಯ್ದೆಗಳಲ್ಲೇ ಇದೆ. ಮಾನನಷ್ಟ, ಅಶ್ಲೀಲ, ಅಪರಾಧಕ್ಕೆ ಪ್ರಚೋದನೆ, ಶಾಲೆಯ ಕೆಲಸಕ್ಕೆ ಗಂಭೀರ ಅಡ್ಡಿ — ಇವಕ್ಕೆ ಕಾನ್ಸಾಸ್‌ನಲ್ಲೂ ರಕ್ಷಣೆ ಇಲ್ಲ. ವಿದ್ಯಾರ್ಥಿ ಬರಹವನ್ನು ಶಾಲೆಯ ಅಧಿಕೃತ ನಿಲುವೆಂದು ಹಿಡಿಯುವಂತಿಲ್ಲ ಎಂದೂ ಅಲ್ಲಿ ಸ್ಪಷ್ಟಪಡಿಸಿದೆ. ಇನ್ನೊಂದು ಭಾಗ ಅನುಭವದಲ್ಲಿದೆ. 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡಿನ ಹೈಸ್ಕೂಲಿನಲ್ಲಿ ಗುಂಡೇಟಿಗೆ 17 ಜನ ಬಲಿಯಾದಾಗ, ಅವರೆಲ್ಲರ ಬಗ್ಗೆ ಶ್ರದ್ಧಾಂಜಲಿ ಬರಹಗಳನ್ನು ಬರೆದವರು ಆ ಶಾಲೆಯ ‘ಈಗಲ್ ಐ’ ಪತ್ರಿಕೆಯ ಮಕ್ಕಳು. ಸತ್ತವರು ಅವರ ಸಹಪಾಠಿಗಳು, ಅವರ ಮೇಷ್ಟ್ರುಗಳು. ಮರುವರ್ಷ ಪುಲಿಟ್ಜರ್ ಪ್ರಶಸ್ತಿಗಳನ್ನು ಪ್ರಕಟಿಸುವ ವೇದಿಕೆಯಿಂದಲೇ ಆ ಬರಹಗಳನ್ನು ಸ್ಮರಿಸಲಾಯಿತು. ಇಷ್ಟು ದುಃಖದಲ್ಲೂ ಹೆಸರು, ವಯಸ್ಸು, ಸಂಗತಿಗಳನ್ನು ಸರಿಯಾಗಿ ಬರೆಯಬಲ್ಲ ಮಕ್ಕಳನ್ನು ಅಪಕ್ವರೆಂದು ಕರೆಯುವುದು ಹೇಗೆ? ತಪ್ಪುಗಳಂತೂ ಆಗುತ್ತವೆ. ಆಸಿಡ್ ಚೆಲ್ಲೀತೆಂದು ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಯಾರೂ ಬೀಗ ಹಾಕುವುದಿಲ್ಲ. ಪಕ್ಕದಲ್ಲಿ ಬಲ್ಲ ಶಿಕ್ಷಕರನ್ನು ನಿಲ್ಲಿಸುತ್ತಾರೆ. ಮಕ್ಕಳು ಅಪಕ್ವರು ಎಂಬ ಮಾತು ನಿಜವಾದಷ್ಟೂ ಗಟ್ಟಿಯಾಗುವುದು ಸಲಹೆಗಾರರ ಅಗತ್ಯ. ಅದರಿಂದ ಪ್ರಿನ್ಸಿಪಾಲರ ಕೈಗೆ ಕತ್ತರಿ ಕೊಡಬೇಕೆಂದು ಆಗುವುದಿಲ್ಲ.

ಇನ್ನೊಂದು ಆಕ್ಷೇಪ ಹಣದ್ದು. ಮುದ್ರಣದ ಖರ್ಚು ಶಾಲೆಯದು, ಶಿಕ್ಷಕರ ಸಂಬಳ ಶಾಲೆಯದು, ಹಾಗಿದ್ದ ಮೇಲೆ ಖಾಸಗಿ ಪತ್ರಿಕೆಯ ಮಾಲೀಕರಿಗಿರುವ ಹಕ್ಕು ಪ್ರಿನ್ಸಿಪಾಲರಿಗೆ ಏಕಿಲ್ಲ ಎನ್ನುತ್ತಾರೆ. ಆ ಹಣ ಪ್ರಿನ್ಸಿಪಾಲರದಲ್ಲ, ಊರಿನ ತೆರಿಗೆದಾರರದು. ಪ್ರಿನ್ಸಿಪಾಲರು ಅಲ್ಲಿ ಸರ್ಕಾರದ ಪ್ರತಿನಿಧಿ. ತನ್ನ ಬಗ್ಗೆ ಬಂದ ಸುದ್ದಿಯನ್ನು ತಾನೇ ತಡೆಯುವ ಅಧಿಕಾರ ಸರ್ಕಾರಿ ಅಧಿಕಾರಿಯ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಹೈಸ್ಕೂಲನ್ನು ನೋಡಬಹುದು. ಅಲ್ಲಿನ ‘ರಿಜಿಸ್ಟರ್’ ಪತ್ರಿಕೆ 2018ರಲ್ಲಿ ಶಾಲೆಯ ಅಧಿಕಾರಿಯೊಬ್ಬರ ಮೇಲೆ ರಾಜ್ಯ ಶಿಕ್ಷಣ ಇಲಾಖೆ ವೃತ್ತಿ ದುರ್ನಡತೆಯ ಆರೋಪ ಹೊರಿಸಿದ್ದನ್ನು ಮೊದಲಿಗೆ ವರದಿ ಮಾಡಿತು. ವರದಿಯನ್ನು ತೆಗೆಯುವಂತೆ ಆಡಳಿತ ಆದೇಶಿಸಿತು. ಆದರೆ ವರ್ಮಾಂಟ್ ಒಂದು ವರ್ಷದ ಹಿಂದಷ್ಟೇ ವಿದ್ಯಾರ್ಥಿ ಪತ್ರಿಕೆಗಳನ್ನು ರಕ್ಷಿಸುವ ಕಾಯ್ದೆ ಮಾಡಿತ್ತು. ಮಕ್ಕಳು ಅದನ್ನು ಮುಂದಿಟ್ಟರು, ಊರಿನವರು ದನಿಗೂಡಿಸಿದರು, ವರದಿ ಮತ್ತೆ ಪ್ರಕಟವಾಯಿತು. ಆ ಸುದ್ದಿಯಲ್ಲಿ ತಪ್ಪಿರಲಿಲ್ಲ. ಆಡಳಿತಕ್ಕೆ ಅದು ಬೇಡವಾಗಿತ್ತು. ಹೇಜಲ್‌ವುಡ್ ತೀರ್ಪು ಈ ಎರಡರ ನಡುವಿನ ಗೆರೆಯನ್ನು ಅಳಿಸಿಹಾಕುತ್ತದೆ.

ಕೈಯಲ್ಲಿ ಫೋನ್ ಇರುವ ಮಕ್ಕಳಿಗೆ ಶಾಲೆಯ ಪತ್ರಿಕೆಯೇ ಏಕೆ ಬೇಕು ಎಂದು ಕೇಳುವವರೂ ಇದ್ದಾರೆ. ಈಗಿನ ಕಾನೂನಿನ ವಿಚಿತ್ರ ಹೊರಬೀಳುವುದು ಇಲ್ಲಿಯೇ. ಪೆನ್ಸಿಲ್ವೇನಿಯಾದ ಹುಡುಗಿಯೊಬ್ಬಳು ಚಿಯರ್‌ಲೀಡಿಂಗ್ ತಂಡದಲ್ಲಿ ತನಗೆ ಬೇಕಾದ ಸ್ಥಾನ ಸಿಗಲಿಲ್ಲವೆಂದು ವಾರಾಂತ್ಯದಲ್ಲಿ ಸ್ನ್ಯಾಪ್‌ಚಾಟ್‌ನಲ್ಲಿ ಅವಾಚ್ಯ ಪದ ಬಳಸಿ ಶಾಲೆಯನ್ನು ಬೈದಳು. ಅದಕ್ಕಾಗಿ ಶಾಲೆ ಅವಳನ್ನು ಶಿಕ್ಷಿಸಿದಾಗ ಪ್ರಕರಣ ಕೋರ್ಟಿಗೆ ಹೋಯಿತು; 2021ರಲ್ಲಿ ಸುಪ್ರೀಂ ಕೋರ್ಟ್ 8–1ರ ಬಹುಮತದಿಂದ ಅವಳ ಪರ ನಿಂತಿತು. ಆ ತೀರ್ಪು ಸರಿಯೇ. ಆದರೆ ಹೇಜಲ್‌ವುಡ್‌ನ ಜೊತೆಗಿಟ್ಟು ಓದಿದರೆ, ಸಿಟ್ಟಿನಲ್ಲಿ ಹಾಕಿದ ಬೈಗುಳಕ್ಕೆ ಸಿಗುವ ರಕ್ಷಣೆ ವಾರಗಟ್ಟಲೆ ದಾಖಲೆ ಹುಡುಕಿ, ಎರಡೂ ಕಡೆಯವರನ್ನು ಕೇಳಿ, ಹೆಸರು ಹಾಕಿ ಬರೆದ ವರದಿಗೆ ಸಿಗುವುದಿಲ್ಲ. ಮಕ್ಕಳು ಜವಾಬ್ದಾರಿಯಿಂದ ಮಾತನಾಡಲಿ ಎಂದು ಬಯಸುವ ಸಮಾಜ, ಜವಾಬ್ದಾರಿಯಿಂದ ಮಾತನಾಡುವುದನ್ನೇ ಕಷ್ಟವಾಗಿಸಿದೆ. ಇದರ ನಷ್ಟ ಶಾಲೆಯ ಆಚೆಗೂ ಹಬ್ಬುತ್ತದೆ. 2005ರಿಂದ ಈಚೆಗೆ ಅಮೆರಿಕದ ಸ್ಥಳೀಯ ಪತ್ರಿಕೆಗಳಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಮುಚ್ಚಿಹೋಗಿವೆ. ಅಂಥ ಊರುಗಳಲ್ಲಿ ಸ್ಕೂಲ್ ಬೋರ್ಡಿನ ಸಭೆಗೆ ಹೋಗಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವವರು ಹೈಸ್ಕೂಲಿನ ಮಕ್ಕಳಲ್ಲದೆ ಬೇರೆ ಯಾರೂ ಉಳಿಯದಿರಬಹುದು.

ವಿದ್ಯಾರ್ಥಿಯ ಆತ್ಮಸಾಕ್ಷಿ ಶಾಲೆಯ ಶಿಸ್ತಿಗಿಂತ ದೊಡ್ಡದಾಗುವ ಸಂದರ್ಭಗಳಿವೆ ಎಂಬ ವಿಚಾರ ನಮಗೂ ಹೊರಗಿನದಲ್ಲ. ರಾಷ್ಟ್ರಗೀತೆ ಹಾಡುವಾಗ ಗೌರವದಿಂದ ಎದ್ದು ನಿಂತರೂ ಧರ್ಮದ ಕಾರಣಕ್ಕೆ ಹಾಡದಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಹೇಳಿದಾಗ, ಧ್ವಜವಂದನೆಯನ್ನು ಮಕ್ಕಳ ಮೇಲೆ ಹೇರುವಂತಿಲ್ಲವೆಂದ ಅಮೆರಿಕದ 1943ರ ತೀರ್ಪನ್ನೂ ಚರ್ಚಿಸಿತ್ತು. ಇಂದು ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮನೆಗಳ ಮಕ್ಕಳೂ ಓದುತ್ತಿದ್ದಾರೆ. ಮಗಳ ಗಣಿತದ ಅಂಕ ವಿಚಾರಿಸುವ ತಂದೆ ತಾಯಿ ಅವಳ ಶಾಲೆಯ ಪತ್ರಿಕೆಗೆ ಸಲಹೆಗಾರರು ಯಾರು, ಅವರ ಕೆಲಸಕ್ಕೆ ಭದ್ರತೆ ಇದೆಯೇ ಎಂದೂ ವಿಚಾರಿಸಬೇಕು. ಸ್ಕೂಲ್ ಬೋರ್ಡಿನ ಸಭೆಗಳಲ್ಲಿ ಸಾರ್ವಜನಿಕರು ಎದ್ದು ಮಾತನಾಡಲು ಸಮಯವಿರುತ್ತದೆ, ಅದನ್ನು ಬಳಸಿಕೊಳ್ಳಬೇಕು. ಈಗಾಗಲೇ 15ಕ್ಕೂ ಹೆಚ್ಚು ರಾಜ್ಯಗಳು ಹೇಜಲ್‌ವುಡ್ ತೀರ್ಪಿನ ಪರಿಣಾಮವನ್ನು ತಮ್ಮ ಕಾಯ್ದೆಗಳಿಂದ ತಗ್ಗಿಸಿಕೊಂಡಿವೆ. ಉಳಿದ ರಾಜ್ಯಗಳು ಆ ದಾರಿ ಹಿಡಿಯುವಾಗ ಎರಡು ಕಲಮುಗಳನ್ನು ಒಟ್ಟಿಗೆ ಬರೆಯಲಿ: ವಿದ್ಯಾರ್ಥಿಯ ಬರಹವನ್ನು ಆಡಳಿತ ಮೆಚ್ಚದಿರುವುದು ತಡೆಗೆ ಕಾರಣವಾಗಬಾರದು, ಆ ಬರಹದ ಪರ ನಿಂತ ಶಿಕ್ಷಕರ ಕೆಲಸಕ್ಕೆ ಕುತ್ತು ಬರಬಾರದು. ಮೊದಲನೆಯದನ್ನು ಮಾತ್ರ ಬರೆದು ಎರಡನೆಯದನ್ನು ಬಿಟ್ಟ ಕಾಯ್ದೆ ಮಕ್ಕಳಿಗೆ ಹಕ್ಕು ಕೊಟ್ಟು, ಅದನ್ನು ಬಳಸಲು ಕಲಿಸುವವರನ್ನು ಕಿತ್ತುಕೊಳ್ಳುತ್ತದೆ.