ಬೀರುವಿನ ಬೀಗ ತೆಗೆಯಿರಿ, ಸೂಕ್ಷ್ಮದರ್ಶಕ ಹೊರಬರಲಿ



ಮಳೆ ಚೆನ್ನಾಗಿ ಬಂದ ವರ್ಷ ಕೊರಟಗೆರೆ, ಮಧುಗಿರಿ ಕಡೆ ಜಯಮಂಗಲಿ ನದಿ ಹರಿಯುತ್ತದೆ. ನೀರು ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ಯಾರಾದರೂ ಕೇಳಿದರೆ ನೀವು ಏನನ್ನು ನೋಡುತ್ತೀರಿ? ತೇಲಿಹೋಗುವ ಒಂದು ಒಣಗಿದ ಎಲೆಯನ್ನು ನೋಡುತ್ತೀರಿ, ಅಲ್ಲವೇ? ಎಲೆ ಸರಸರನೆ ಹೋದರೆ ವೇಗ ಹೆಚ್ಚು. ಒಂದೇ ಕಡೆ ಗಿರಗಿರನೆ ತಿರುಗಿದರೆ ಅಲ್ಲಿ ಸುಳಿ ಇದೆ. ತಿಳಿನೀರಿನ ಓಟ ಕಣ್ಣಿಗೆ ನೇರವಾಗಿ ಕಾಣುವುದಿಲ್ಲ. ನೀರು ಹೊತ್ತೊಯ್ಯುವ ವಸ್ತು ಅದನ್ನು ನಮಗೆ ತೋರಿಸಿಕೊಡುತ್ತದೆ.

ಈಗ ಆ ನದಿ ನಿಮ್ಮ ತಲೆಗೂದಲಿನಷ್ಟೇ ಅಗಲ ಎಂದುಕೊಳ್ಳಿ. ಕೂದಲಿನ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಇಂತಹ ಕಿರಿದಾದ ಕಾಲುವೆಗಳು ನಮ್ಮ ಸುತ್ತಲೂ ಇವೆ. ಕಡಲೆಕಾಯಿ ಗಿಡದ ಕಾಂಡದಲ್ಲಿ ನೀರು ಏರುವ ನಾಳಗಳಿವೆ. ನಮ್ಮ ಮೈಯಲ್ಲಿ ಲೋಮನಾಳಗಳಿವೆ. ಅವು ಎಷ್ಟು ಸಣ್ಣವೆಂದರೆ ಕೆಂಪು ರಕ್ತಕಣಗಳು ಅವುಗಳೊಳಗೆ ಹೆಚ್ಚುಕಡಿಮೆ ಒಂದರ ಹಿಂದೊಂದು ನುಸುಳಿ ಹೋಗಬೇಕು. ಇವನ್ನೆಲ್ಲ ನೀವು ಪುಸ್ತಕದ ಚಿತ್ರದಲ್ಲಿ ನೋಡಿದ್ದೀರಿ. ಚಿತ್ರ ಸಾಲದು, ಹರಿವನ್ನು ನೀವೇ ಕಣ್ಣಾರೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದ ಸಾಧನ ಎಷ್ಟೋ ಶಾಲೆಗಳ ಬೀರುವಿನಲ್ಲೇ ಇದೆ.

ನೋಡುವುದಕ್ಕೆ ಇಷ್ಟು ಮಹತ್ವ ಏಕೆ? ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ರಕ್ತವು ಹೃದಯದಿಂದ ಅಪಧಮನಿಗಳಿಗೆ ಹೋಗಿ, ಅಭಿಧಮನಿಗಳ ಮೂಲಕ ಹಿಂದಿರುಗುತ್ತದೆ ಎಂದು ಅದರಲ್ಲಿ ವಾದಿಸಿದರು. ಆದರೆ ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವುದು ಹೇಗೆ? ಆ ದಾರಿ ಅವರಿಗೆ ಕಾಣಲಿಲ್ಲ. ಹಾರ್ವೆ 1657ರಲ್ಲಿ ತೀರಿಕೊಂಡರು. 1661ರಲ್ಲಿ ಇಟಲಿಯ ಮಾರ್ಸೆಲೊ ಮಾಲ್ಪೀಘಿ ಅವರು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲೋಮನಾಳಗಳು ಕಂಡವು. ಹಾರ್ವೆಯವರ ತರ್ಕ ಸರಿಯಾಗಿಯೇ ಇತ್ತು. ಅದರಲ್ಲಿ ಉಳಿದಿದ್ದ ಅಂತರವನ್ನು ಒಂದು ಮಸೂರ ತುಂಬಿತು.

ಇಂದು ವಿಜ್ಞಾನಿಗಳು ಗಾಜು ಅಥವಾ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ತಾವೇ ಕೂದಲಿನಷ್ಟು ಕಿರಿದಾದ ಕಾಲುವೆಗಳನ್ನು ಕೊರೆದು, ಅವುಗಳಲ್ಲಿ ದ್ರವ ಹರಿಸಿ ಬೆಳಕಿನ ನೆರವಿನಿಂದ ನೋಡುತ್ತಾರೆ. ಇದಕ್ಕೆ ಹಲವು ವಿಧಾನಗಳಿವೆ. ಮೊದಲನೆಯದು ಬಣ್ಣ ಬೆರೆಸುವುದು. ಇಂತಹ ಕಾಲುವೆಯಲ್ಲಿ ಬಣ್ಣದ ನೀರನ್ನೂ ಬರಿಯ ನೀರನ್ನೂ ಜೊತೆಯಾಗಿ ಬಿಟ್ಟರೆ ಅವು ಬೇಗ ಕಲೆಯುವುದಿಲ್ಲ, ಅಕ್ಕಪಕ್ಕದಲ್ಲೇ ಶಾಂತವಾಗಿ ಹರಿಯುತ್ತವೆ.

ಎರಡನೆಯದು ನಮ್ಮ ಎಲೆಯ ಉಪಾಯವೇ. ಎಲೆಯ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳನ್ನು ದ್ರವದಲ್ಲಿ ಬೆರೆಸಿ, ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕ್ಯಾಮೆರಾದಿಂದ ಬೇಗಬೇಗನೆ ಎರಡು ಚಿತ್ರ ತೆಗೆಯುತ್ತಾರೆ. ಎರಡು ಚಿತ್ರಗಳ ನಡುವಿನ ಕಾಲ ಸೆಕೆಂಡಿನ ನೂರನೇ ಒಂದು ಭಾಗ ಎನ್ನಿ. ಅಷ್ಟರಲ್ಲಿ ಮಣಿಯೊಂದು 0.02 ಮಿಲಿಮೀಟರ್ ಸರಿದಿದ್ದರೆ ದ್ರವದ ವೇಗವೆಷ್ಟು? ದೂರವನ್ನು ಕಾಲದಿಂದ ಭಾಗಿಸಿ. ಸೆಕೆಂಡಿಗೆ 2 ಮಿಲಿಮೀಟರ್! ನಿಮ್ಮ ತರಗತಿಯ ಲೆಕ್ಕವೇ ಇಲ್ಲಿಯೂ ಸಾಕು.

ಮೂರನೆಯದರಲ್ಲಿ ಬಣ್ಣವೂ ಬೇಡ, ಮಣಿಯೂ ಬೇಡ. ಬೆಳಕು ಬಾಗುವುದನ್ನೇ ಗಮನಿಸಬೇಕು. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಸಕ್ಕರೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡಿ. ಲೋಟವನ್ನು ಬೆಳಕಿಗೆ ಎದುರಾಗಿಟ್ಟು ನೋಡಿ. ಗಂಟಿನಿಂದ ಎಳೆಎಳೆಯಾಗಿ ಏನೋ ಕೆಳಗಿಳಿಯುವುದು ಕಾಣುತ್ತದೆ. ಅದು ಸಕ್ಕರೆ ಕರಗಿದ ನೀರು. ಬರಿಯ ನೀರಿಗಿಂತ ಅದು ಬೆಳಕನ್ನು ಹೆಚ್ಚು ಬಾಗಿಸುವುದರಿಂದ ಬೇರೆಯಾಗಿ ಕಾಣುತ್ತದೆ. ಬಣ್ಣ ಬೆರೆಸಲಾಗದ ಕಡೆ ವಿಜ್ಞಾನಿಗಳೂ ಬೆಳಕಿನ ಇಂತಹ ಗುಣಗಳನ್ನೇ ನಂಬುತ್ತಾರೆ.

ಇದರಿಂದ ಉಪಯೋಗವೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾಯಿ ಶಿವ ಗೋರ್ತಿ ಅವರ ತಂಡ ರಕ್ತದಂತಹ ದ್ರವದ ಕಣಗಳನ್ನು ಸಣ್ಣ ಕಾಲುವೆಯಲ್ಲಿ ಹರಿಸಿ, ಚಿತ್ರ ತೆಗೆದು, ಗಣಕಯಂತ್ರದಿಂದ ಪರೀಕ್ಷಿಸುವ ಚಿಕ್ಕ ಉಪಕರಣಗಳ ಬಗ್ಗೆ ಕೆಲಸ ಮಾಡಿದೆ. ದೊಡ್ಡ ಪ್ರಯೋಗಾಲಯ ಹತ್ತಿರವಿಲ್ಲದ ಊರಿನಲ್ಲೂ ಪರೀಕ್ಷೆ ಸಾಧ್ಯವಾಗಬೇಕು ಎಂಬುದು ಇಂತಹ ಕೆಲಸದ ಉದ್ದೇಶ. ಪಾವಗಡದ ಗಡಿಯ ಹಳ್ಳಿಯಲ್ಲಿರುವವರಿಗೆ ಇದರ ಬೆಲೆ ಗೊತ್ತು.

ಹೊಲದ ಮಾತಿಗೆ ಬನ್ನಿ. ಶಿರಾ, ಪಾವಗಡ ಕಡೆ ಕೊಳವೆಬಾವಿಯ ನೀರನ್ನು ಡ್ರಿಪ್ ಮೂಲಕ ಗಿಡಕ್ಕೆ ಬಿಡುವುದನ್ನು ನೋಡಿದ್ದೀರಿ. ನೀರು ತೊಟ್ಟಿಕ್ಕುವ ಡ್ರಿಪ್ಪರಿನೊಳಗೆ ಬಹುಮಟ್ಟಿಗೆ ಅಂಕುಡೊಂಕಾದ ಕಿರುದಾರಿ ಇರುತ್ತದೆ. ಗಡಸು ನೀರಿನ ಲವಣ, ಮಣ್ಣು ಸೇರಿ ಅದು ಕಟ್ಟಿಕೊಂಡರೆ ಗಿಡ ಬಾಡುತ್ತದೆ. ಸಂಶೋಧಕರು ಪಾರದರ್ಶಕ ವಸ್ತುವಿನಲ್ಲಿ ಅಂತಹದೇ ದಾರಿ ಮಾಡಿ, ಮಣಿ ಬೆರೆಸಿದ ನೀರು ಹರಿಸಿ ಚಿತ್ರ ತೆಗೆದಿದ್ದಾರೆ. ತಿರುವಿನ ಮೂಲೆಗಳಲ್ಲಿ ನೀರು ನಿಧಾನವಾಗಿ ಸುತ್ತುವುದೂ, ಅಲ್ಲಿಯೇ ಕಸ ಕೂರುವುದೂ ಕಂಡಿದೆ. ಕಂಡ ಮೇಲೆ ತಾನೇ ದಾರಿಯ ಆಕಾರವನ್ನು ಬದಲಿಸಲು ಸಾಧ್ಯ?

ಇನ್ನು ನಮ್ಮ ಶಾಲೆಯ ವಿಷಯ. ನಾನು ಭೇಟಿ ಕೊಟ್ಟ ಕೆಲವು ಶಾಲೆಗಳಲ್ಲಿ ಸೂಕ್ಷ್ಮದರ್ಶಕ ದಾಸ್ತಾನು ಪುಸ್ತಕದಲ್ಲಿದೆ, ಬೀರುವಿನಲ್ಲಿದೆ, ಮಕ್ಕಳ ಕೈಯಲ್ಲಿಲ್ಲ. ‘ಒಡೆದುಹೋದರೆ ಯಾರು ಹೊಣೆ?’ ಎಂಬ ಶಿಕ್ಷಕರ ಭಯ ಸುಳ್ಳಲ್ಲ. ಆದರೆ ಮುಚ್ಚಿಟ್ಟ ಮಸೂರಕ್ಕೂ ತೇವದಿಂದ ಬೂಷ್ಟು ಹಿಡಿಯುತ್ತದೆ. ಬಳಸದೆ ಹಾಳಾಗುವುದೂ ನಷ್ಟವೇ. ‘ಮೊಬೈಲಿನಲ್ಲಿ ವಿಡಿಯೊ ತೋರಿಸಿದರೆ ಸಾಲದೇ?’ ಎನ್ನುವವರೂ ಇದ್ದಾರೆ. ವಿಡಿಯೊ ಒಳ್ಳೆಯದೇ. ಆದರೆ ಅದರಲ್ಲಿ ಬೇರೆಯವರು ನೋಡಿದ್ದನ್ನು ನಾವು ನೋಡುತ್ತೇವೆ. ‘ಎಲೆಯನ್ನು ಬಿಸಿಲಿನಲ್ಲಿ ಇಟ್ಟು ನೋಡಿದರೆ ಏನಾಗುತ್ತದೆ?’ ಎಂದು ಕೇಳಿದರೆ ವಿಡಿಯೊ ಉತ್ತರಿಸುವುದಿಲ್ಲ.

ಆ ಪ್ರಶ್ನೆಯನ್ನು ನೀವೇ ಪರೀಕ್ಷಿಸಬಹುದು. ಕೆರೆಯಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡದ ಒಂದು ಕುಡಿಯನ್ನು ದೊಡ್ಡವರಿಂದ ತರಿಸಿಕೊಳ್ಳಿ. ನೀವು ಒಬ್ಬರೇ ಕೆರೆಗೆ ಇಳಿಯಬೇಡಿ. ಒಂದು ಎಳೆಯ ಎಲೆಯನ್ನು ಗಾಜಿನ ಪಟ್ಟಿಯ ಮೇಲೆ ನೀರಹನಿಯಲ್ಲಿಟ್ಟು ತೆಳುಗಾಜು ಮುಚ್ಚಿ. ಮೊದಲು ಕಡಿಮೆ ವರ್ಧನೆಯಲ್ಲಿ, ಆಮೇಲೆ 400 ಪಟ್ಟು ವರ್ಧನೆಯಲ್ಲಿ ತಾಳ್ಮೆಯಿಂದ ನೋಡಿ. ಕೋಶದ ಅಂಚಿನಲ್ಲಿ ಹಸಿರು ಕಣಗಳು ಮೆಲ್ಲಗೆ ಸಾಗುವುದು ಕಾಣುತ್ತದೆ. ಅವು ತಾವಾಗಿ ಈಜುತ್ತಿಲ್ಲ. ಹರಿಯುವ ಕೋಶದ್ರವ್ಯ ಅವನ್ನು ಹೊತ್ತೊಯ್ಯುತ್ತಿದೆ. ಒಂದು ಕಣ ಕೋಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಎಷ್ಟು ಸೆಕೆಂಡು ಬೇಕು ಎಂದು ಎಣಿಸಿ. ನೆರಳಿನಲ್ಲಿಟ್ಟ ಎಲೆಗೂ ಬಿಸಿಲಿನಲ್ಲಿಟ್ಟ ಎಲೆಗೂ ವ್ಯತ್ಯಾಸವಿದೆಯೇ ಎಂದು ಬರೆದಿಡಿ. ಒಂದು ಎಚ್ಚರಿಕೆ: ಸೂಕ್ಷ್ಮದರ್ಶಕದ ಕನ್ನಡಿಯನ್ನು ನೇರವಾಗಿ ಸೂರ್ಯನತ್ತ ತಿರುಗಿಸಬೇಡಿ, ಕಣ್ಣಿಗೆ ಅಪಾಯ.

ನಾಳೆಯೇ ನಿಮ್ಮ ವಿಜ್ಞಾನ ಶಿಕ್ಷಕರನ್ನು ವಿನಯದಿಂದ ಕೇಳಿ. ಐದೈದು ಮಂದಿಯ ಗುಂಪು ಮಾಡಿಕೊಳ್ಳಿ, ಸರದಿಯಂತೆ ನೋಡಿ, ಮಸೂರವನ್ನು ಬೆರಳಿನಿಂದ ಮುಟ್ಟುವುದಿಲ್ಲವೆಂದು ಮಾತು ಕೊಡಿ. ನಿಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇಲ್ಲದಿದ್ದರೆ ಹತ್ತಿರದ ಪ್ರೌಢಶಾಲೆಯಿಂದ ಒಂದು ದಿನಕ್ಕೆ ತರಿಸಿಕೊಡಿ ಎಂದು ಕೇಳಿ. ಕೇಳುವುದು ತಪ್ಪಲ್ಲ ಮಕ್ಕಳೇ. ಅದನ್ನು ಶಾಲೆಗೆ ಕೊಟ್ಟಿರುವುದೇ ನಿಮಗಾಗಿ.