ಅರಳು ಮರಳೆಂದು ಕೈಬಿಡದಿರೋಣ



ತಿಂಗಳ ಮೊದಲ ಶುಕ್ರವಾರ ರೋಗಿಗಳ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುವುದು ನಮ್ಮ ವಾಡಿಕೆ. ಹಾಗೆ ಹೋಗುತ್ತಿದ್ದ ಮನೆಗಳಲ್ಲಿ ಒಂದು ನಾಗಲಗಿದ್ದದ ಕಡೆಯ ಒಂದು ಹಳ್ಳಿಯಲ್ಲಿತ್ತು. ಆ ಮನೆಯ ಆಯಿಗೆ ಎಪ್ಪತ್ತೈದು ದಾಟಿತ್ತು. ನಮ್ಮನ್ನು ಕಂಡೊಡನೆ "ಊಟ ಆಯ್ತೇನ್ರಿ ಫಾದರ್?" ಎಂದು ಕೇಳುತ್ತಿದ್ದರು. ಆಯಿತೆಂದರೆ ಎರಡು ನಿಮಿಷದಲ್ಲಿ ಮತ್ತೆ ಅದೇ ಪ್ರಶ್ನೆ. ಸೊಸೆ ನಗುತ್ತಾ, "ವಯಸ್ಸಾಯ್ತಲ್ರಿ, ಅರಳು ಮರಳು" ಎನ್ನುತ್ತಿದ್ದಳು. ನಾವೂ ನಗುತ್ತಿದ್ದೆವು. ಜಪಸರ ಹಿಡಿದರೆ ಒಂದು ಮಣಿಯೂ ತಪ್ಪದ ಆಯಿಗೆ ಏನಾಗಿರಲು ಸಾಧ್ಯ ಎಂಬುದು ನಮ್ಮ ಎಣಿಕೆ.

ಒಂದು ಸಂಜೆ ಆಯಿ ಮನೆಯಲ್ಲಿರಲಿಲ್ಲ. ಕತ್ತಲಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ತವರಿಗೆ ಹೊರಟಿದ್ದರಂತೆ, ಅವ್ವ ಕಾಯುತ್ತಿದ್ದಾಳಂತೆ. ಆ ಅವ್ವ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಅಂದು ಆ ಮನೆಯಲ್ಲಿ ಯಾರೂ ನಗಲಿಲ್ಲ. ನಮಗೂ ನಾಚಿಕೆಯಾಯಿತು.

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ನಮ್ಮನ್ನು ಬಹುಕಾಲ ಮೋಸಗೊಳಿಸಿದೆ. ಕನ್ನಡಕ ಎಲ್ಲಿಟ್ಟೆನೆಂದು ಮರೆತು ಆಮೇಲೆ ನೆನಪಾಗುವುದು ವಯಸ್ಸಿನ ಸಹಜ ಮರೆವು. ಹಾದಿ ತಪ್ಪುವುದು, ನಿತ್ಯ ಮಾಡುತ್ತಿದ್ದ ಅಡುಗೆಯ ಕ್ರಮ ತಪ್ಪುವುದು, ಹಣದ ಲೆಕ್ಕ ತಿಳಿಯದಾಗುವುದು, ಮನೆಯವರ ಹೆಸರೇ ಮರೆಯುವುದು ಹಾಗಲ್ಲ. ಅದು ಡಿಮೆನ್ಷಿಯಾ ಎಂಬ ಮೆದುಳಿನ ಕಾಯಿಲೆ ಇರಬಹುದು. ಬಾಲ್ಯದಲ್ಲಿ ಬಾಯಿಪಾಠವಾದ ಪ್ರಾರ್ಥನೆಗಳು ಕೊನೆಯವರೆಗೂ ಉಳಿಯಬಹುದು, ಇಂದು ಬೆಳಿಗ್ಗೆ ಆದದ್ದು ಮಾತ್ರ ಉಳಿಯುವುದಿಲ್ಲ. ಜಪಸರ ನಂಬಿ ನಾವು ಮೋಸಹೋದದ್ದು ಇಲ್ಲಿಯೇ. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ, ಅಂದರೆ ಹತ್ತಿರ ಹತ್ತಿರ 88 ಲಕ್ಷ ಜನರಿಗೆ, ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿತು.

ಇದನ್ನು ಗುರುತಿಸುವ ಮೊದಲ ಬಾಗಿಲು ದೊಡ್ಡ ಆಸ್ಪತ್ರೆಯಲ್ಲ, ನಮ್ಮ ಮನೆಯ ಹೊಸ್ತಿಲೇ. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ತುಂಬುವ ತಪಾಸಣೆ ನಮೂನೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ವಿಚಾರಗಳ ಜೊತೆಗೆ 60 ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಲ್ಲುವಾಗ ನಡೆಯುವಾಗ ತೂರಾಡುವಿರಾ? ಸ್ನಾನಕ್ಕೆ, ಊಟಕ್ಕೆ ಇನ್ನೊಬ್ಬರ ನೆರವು ಬೇಕೇ? ಹತ್ತಿರದವರ ಹೆಸರು, ಸ್ವಂತ ಮನೆಯ ವಿಳಾಸ ಮರೆತುಹೋಗುತ್ತದೆಯೇ? ಈ ಕೊನೆಯ ಪ್ರಶ್ನೆಗೆ "ಹೌದು" ಎಂಬ ಉತ್ತರ ಬಂದರೆ ಹಿರಿಯರನ್ನು ವೈದ್ಯರಿಗೆ ತೋರಿಸಬೇಕು. ಆಯಿಯ ಮನೆಗೂ ಆಶಾ ಬಂದಿದ್ದಳು. ಮಗ ಮುಂದೆ ಬಂದು, "ಹಂಗೇನಿಲ್ಲ, ಎಲ್ಲಾ ಛಲೋ ಅದ" ಎಂದು ಕಳುಹಿಸಿದ್ದ. ಅವನದು ಕೆಟ್ಟ ಮನಸ್ಸಲ್ಲ. ಮನೆಯ ಮರ್ಯಾದೆ ಹೋದೀತೆಂಬ ಅಂಜಿಕೆ.

ಗಡಿಯ ಹಿರಿಯರನ್ನು ಪರೀಕ್ಷಿಸುವಾಗ ಇನ್ನೊಂದು ತೊಡಕಿದೆ. ನೆನಪಿನ ಪರೀಕ್ಷೆಗಳಲ್ಲಿ "ಇದು ಯಾವ ಜಿಲ್ಲೆ, ಯಾವ ರಾಜ್ಯ?" ಎಂದು ಕೇಳುವುದುಂಟು. ನಾರಾಯಣಖೇಡ, ಜಹೀರಾಬಾದಿನ ಹಿರಿಯರು ಹುಟ್ಟಿದಾಗ ಆ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಅವು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ಬಂತು. 2016ರಲ್ಲಿ ನಾರಾಯಣಖೇಡ, ಜಹೀರಾಬಾದು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಮನೆ ಬಿಟ್ಟು ಕದಲದ ಮುತ್ಯಾ "ನಮ್ದು ಬೀದರ ಜಿಲ್ಲಾ" ಎಂದರೆ ಅದು ಮರೆವೋ, ಇತಿಹಾಸವೋ? ಮನೆಯಲ್ಲಿ ಕನ್ನಡ ಆಡುವವರಿಗೆ ತೆಲುಗಿನಲ್ಲಿ ಪ್ರಶ್ನೆ ಕೇಳಿದರೆ ತಡವರಿಸುವುದೂ ಕಾಯಿಲೆಯಲ್ಲ. ಶಾಲೆಗೇ ಹೋಗದ ರೈತನಿಗೆ ಗಡಿಯಾರದ ಚಿತ್ರ ಬರೆಯೆಂದರೆ ಅವನು ಸೋಲುವುದು ವಿದ್ಯೆಯಲ್ಲಿ, ಬುದ್ಧಿಯಲ್ಲಿ ಅಲ್ಲ.

ತಜ್ಞರು ಇದನ್ನು ಅರಿಯದವರಲ್ಲ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಕ್ಷರ ಬಾರದ ಹಿರಿಯರಿಗಾಗಿಯೇ ಹಿಂದಿಯಲ್ಲಿ ಒಂದು ಪರೀಕ್ಷೆ ರೂಪಿಸಿದರು. "ಕಣ್ಣು ಮುಚ್ಚಿ" ಎಂಬ ಬರಹ ಓದಿಸುವ ಬದಲು, ನಾನು ಮಾಡಿದಂತೆ ಮಾಡಿ ಎಂದು ಕಣ್ಣು ಮುಚ್ಚಿ ತೋರಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡ, ತೆಲುಗು ಸೇರಿದಂತೆ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಆದ್ದರಿಂದ ವೈದ್ಯರ ಬಳಿ ಹೋದಾಗ, "ನಮ್ಮ ಹಿರಿಯರಿಗೆ ಕನ್ನಡದಾಗ ಕೇಳ್ರಿ" ಎಂದು ಹೇಳಲು ಸಂಕೋಚ ಬೇಡ. ಅಗತ್ಯವಿದ್ದರೆ ನೀವೇ ದುಭಾಷಿಗಳಾಗಿ. ಉತ್ತರವನ್ನು ಮಾತ್ರ ನೀವು ಹೇಳಿಕೊಡಬೇಡಿ.

ಗಡಿನಾಡಿನವರಿಗೆ ಒಂದು ಸಂತೋಷದ ಸುದ್ದಿಯೂ ಉಂಟು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಷಿಯಾ ಇದ್ದ 648 ಮಂದಿಯನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಯವರೊಡನೆ ಉರ್ದು ಆಡುವ ನಮ್ಮವರ ನಾಲಿಗೆ ಬಡತನದಲ್ಲೂ ಒಂದು ಸಿರಿ. ಆದರೆ ಅದು ಕಾಯಿಲೆ ಬರದಂತೆ ಕಾಯುವ ತಾಯಿತವಲ್ಲ.

"ತೋರಿಸಿ ಏನು ಉಪಯೋಗ, ಇದಕ್ಕೆ ಔಷಧಿಯೇ ಇಲ್ಲವಲ್ಲ" ಎನ್ನುವವರಿದ್ದಾರೆ. ಮರೆವೆಲ್ಲವೂ ಡಿಮೆನ್ಷಿಯಾ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೂ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಎರಡು ದಿನದಲ್ಲೇ ಏಕಾಏಕಿ ಬಂದ ಗೊಂದಲವಾದರೆ ಸೋಂಕು ಇರಬಹುದು, ತಡಮಾಡದೆ ದವಾಖಾನೆಗೆ ಒಯ್ಯಬೇಕು. ಕಿವಿ ಕೇಳದವರು, ಕಣ್ಣಿಗೆ ಪೊರೆ ಬಂದವರು ಮರೆವಿನವರಂತೆ ತೋರುವುದೂ ಉಂಟು. ಆಯಿಯ ರಕ್ತ ಪರೀಕ್ಷೆಯಲ್ಲಿ ಬಿ-12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಆದ ಮೇಲೆ ಮುಖದಲ್ಲಿ ಗೆಲುವು ಬಂತು, ಮಾತು ಕೂಡಿತು. ಪೂರಾ ಮೊದಲಿನಂತಾಗಲಿಲ್ಲ. ಎರಡು ವರ್ಷ ಮೊದಲೇ ತೋರಿಸಿದ್ದರೆ ಎಂಬ ಪ್ರಶ್ನೆ ಆ ಮಗನನ್ನೂ ನಮ್ಮನ್ನೂ ಇಂದಿಗೂ ಬಿಟ್ಟಿಲ್ಲ.

ಹಾಗೆಂದು ಕಂಡ ಹಿರಿಯರನ್ನೆಲ್ಲ ಪರೀಕ್ಷೆಗೆ ಕೂರಿಸಬೇಕೆಂದಲ್ಲ. ಯಾವ ಲಕ್ಷಣವೂ ಇಲ್ಲದವರನ್ನೆಲ್ಲ ತಪಾಸಣೆ ಮಾಡುವುದರಿಂದ ಲಾಭ ಹೆಚ್ಚೋ ಹಾನಿ ಹೆಚ್ಚೋ ಹೇಳಲು ಪುರಾವೆ ಸಾಲದೆಂದು ಅಮೆರಿಕದ ತಜ್ಞರ ಸಮಿತಿಯೊಂದು 2020ರಲ್ಲಿ ಅಭಿಪ್ರಾಯಪಟ್ಟಿತು. ಐದು ನಿಮಿಷದ ಪ್ರಶ್ನೆಗಳು ಅನುಮಾನವನ್ನಷ್ಟೇ ಹೇಳುತ್ತವೆ, ತೀರ್ಪನ್ನಲ್ಲ. ಮೊಮ್ಮಕ್ಕಳ ಎದುರು "ನನ್ನ ಹೆಸರೇನು ಹೇಳು ನೋಡೋಣ" ಎಂದು ಹಿರಿಯರನ್ನು ಆಟಕ್ಕಿಡುವುದು ತಪಾಸಣೆಯಲ್ಲ, ಅವಮಾನ. ಮರೆವು ಬಂದವರ ಹೆಬ್ಬೆಟ್ಟು ಒತ್ತಿಸಿ ಹೊಲ ಬರೆಸಿಕೊಳ್ಳುವುದಂತೂ ಕಳ್ಳತನ, ಪಾಪ.

ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ಮುಪ್ಪಿನ ತಂದೆಯ ವಿಷಯ ಹೇಳುವಾಗ, ಅವನ ಬುದ್ಧಿ ಮಂಕಾದರೂ ತಾಳ್ಮೆಯಿಂದಿರಬೇಕು, ನಿನಗೆ ಶಕ್ತಿಯಿದೆಯೆಂದು ಅವನನ್ನು ಹೀಗಳೆಯಬಾರದು ಎಂದು ಮಗನಿಗೆ ಬುದ್ಧಿ ಹೇಳುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಬರೆದವನಿಗೆ ನಮ್ಮ ಮನೆಗಳ ಪರಿಚಯವಿತ್ತೇ ಎನ್ನಿಸುತ್ತದೆ. ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ-ಅಜ್ಜಿಯರ ಮತ್ತು ಹಿರಿಯರ ವಿಶ್ವದಿನವನ್ನು ಆರಂಭಿಸಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅದಕ್ಕೆ ಮೀಸಲಿಟ್ಟರು. ಅಂದು ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರೆ ಸಾಲದು. ಧರ್ಮಕೇಂದ್ರದ ಯುವಜನರು ಹಿರಿಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಕಣ್ಣು, ಕಿವಿ, ಬಿ.ಪಿ., ಸಕ್ಕರೆಗಳ ಜೊತೆ ನೆನಪಿನ ವಿಚಾರವನ್ನೂ ವೈದ್ಯರಲ್ಲಿ ಎತ್ತಲಿ. ಹಿರಿಯರ ಸಹಾಯವಾಣಿ 14567 ನಿಮ್ಮ ಮನೆಯ ಗೋಡೆಯ ಮೇಲಿರಲಿ. ಹಗಲಿರುಳು ನೋಡಿಕೊಂಡು ದಣಿದ ಸೊಸೆಗೆ ನೆರೆಯವರು ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಡಲಿ. ಮುಂದಿನ ಸಲ ಆಶಾ ಬಾಗಿಲಿಗೆ ಬಂದಾಗ ನಿಜ ಹೇಳಿ.

ನಾವು ಈಗಲೂ ಆಯಿಯ ಮನೆಗೆ ಹೋಗುತ್ತೇವೆ. "ಊಟ ಆಯ್ತೇನ್ರಿ?" ಎಂದು ಕೇಳುತ್ತಾರೆ. ಪ್ರತಿ ಸಲವೂ ಮೊದಲ ಸಲವೆಂಬಂತೆ "ಆಯ್ತು ಆಯಿ, ನಿಮ್ದು?" ಎನ್ನುತ್ತೇವೆ. ನಾವು ಯಾರೆಂಬುದು ಅವರಿಗೆ ಮರೆತಿರಬಹುದು. ಬಂದವರು ಹಸಿದಿರಬಾರದು ಎಂಬುದು ಮರೆತಿಲ್ಲ. ನಮ್ಮನ್ನು ಎಂದೂ ಮರೆಯದ ದೇವರು, ನಮ್ಮನ್ನು ಮರೆತವರನ್ನು ನಾವು ಮರೆಯದಂತೆ ಕಾಪಾಡಲಿ.