‘ಪೋಲಾಗುವ ನೀರು’ ಎಂಬ ಸುಳ್ಳು ಲೆಕ್ಕ

“ಇಷ್ಟೊಂದು ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ” ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದವರು. ಮಂತ್ರಿಗಳ ಭಾಷಣದಲ್ಲಿ ಈ ಮಾತಿದೆ, ಎಂಜಿನಿಯರರ ವರದಿಯಲ್ಲಿದೆ, ಚುನಾವಣೆಯ ಕಾಲಕ್ಕೆ ಹಂಚುವ ಕರಪತ್ರಗಳಲ್ಲಿಯೂ ಇದೆ. ಮಾಸ್ತರಿಕೆ ಮಾಡುತ್ತಿದ್ದಾಗ ನಾನೂ ಇದನ್ನು ಹುಡುಗರಿಂದ ಹತ್ತು ಸಲ ಬರೆಯಿಸಿದ್ದೇನೆ. ಆ ಪಾಪದಲ್ಲಿ ನನಗೂ ಪಾಲಿರುವುದರಿಂದಲೇ ಇಂದು ಈ ಲೇಖನ.

ವ್ಯರ್ಥ ಎಂದರೆ ಯಾರಿಗೆ ವ್ಯರ್ಥ? ಗಿರಣಿಯ ಬಂಧುಗಳಿಗೆ ಈ ಪ್ರಶ್ನೆ ಹೊಸದಲ್ಲ. ಮಾಲಿಕನ ಲೆಕ್ಕದ ಪುಸ್ತಕದಲ್ಲಿ ನೀವು ಚಹಾ ಕುಡಿಯುವ ಹತ್ತು ನಿಮಿಷವೂ ವ್ಯರ್ಥವೇ. ಹೊಳೆಯ ವಿಷಯದಲ್ಲಿಯೂ ಅದೇ ಪುಸ್ತಕವನ್ನು ತೆರೆದು ಕುಳಿತಿದ್ದಾರೆ. ಹೊಳೆಯ ತಳದಲ್ಲಿ ದುಡಿಯುವವರ ಹೆಸರು ಅವರ ಹಾಜರಿ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಮಲೆನಾಡಿನ ಯಾವುದಾದರೂ ಹರಿಯುವ ಹಳ್ಳಕ್ಕೆ ಇಳಿದು ಒಂದು ಕಲ್ಲನ್ನು ಮಗುಚಿ ನೋಡಿ. ನಾನು ಹುಡುಗರನ್ನು ಕರೆದುಕೊಂಡು ಹೋಗಿ ಇದನ್ನು ಮಾಡಿಸಿದ್ದೇನೆ. ಪಾಠಪುಸ್ತಕದ ‘ಅಕಶೇರುಕಗಳು’ ಎಂಬ ಪದಕ್ಕೆ ಅಂದೇ ಅವರಿಗೆ ಅರ್ಥ ಸಿಕ್ಕಿದ್ದು. ಕಲ್ಲಿಗೆ ಅಂಟಿಕೊಂಡು ಚಪ್ಪಟೆ ಹುಳುಗಳಿರುತ್ತವೆ, ಬಾಲದಲ್ಲಿ ಮೂರು ಕೂದಲೆಳೆಯಂಥವು. ಇವು ತಿಂಗಳುಗಟ್ಟಲೆ ನೀರಿನಲ್ಲಿದ್ದು ಪಾಚಿ ಮೇಯ್ದು ಬೆಳೆದು, ರೆಕ್ಕೆ ಬಂದ ಮೇಲೆ ಒಂದೆರಡು ದಿನ ಮಾತ್ರ ಬದುಕುತ್ತವೆ. ಇನ್ನೊಂದು ಹುಳು ತನ್ನ ಬಾಯಿಯ ರೇಷ್ಮೆಯಿಂದ ಮರಳಿನ ಕಣಗಳನ್ನು ಹೊಲಿದು ಮನೆ ಮಾಡಿಕೊಳ್ಳುತ್ತದೆ. ಅದರ ದಾಯಾದಿಯೊಂದು ಬಲೆ ನೇಯ್ದು ಹರಿದು ಬರುವ ಕಸವನ್ನು ಹಿಡಿದು ತಿನ್ನುತ್ತದೆ. ನೇಕಾರ ಬಂಧುಗಳು ನೋಡತಕ್ಕ ಕೆಲಸ. ಏಡಿ, ಸಿಗಡಿ, ಬಸವನಹುಳುಗಳು ಕಾಡಿನಿಂದ ಬಿದ್ದ ಎಲೆಯನ್ನು ಹರಿದು ಪುಡಿ ಮಾಡುತ್ತವೆ. ಇವನ್ನೆಲ್ಲ ಮೀನು ತಿನ್ನುತ್ತದೆ, ಮೀನನ್ನು ನಾವು ತಿನ್ನುತ್ತೇವೆ. ಸಿಹಿನೀರಿನ ಕಪ್ಪೆಚಿಪ್ಪಿನ ಮರಿಯಂತೂ ಮೀನಿನ ಕಿವಿರಿಗೆ ಕಚ್ಚಿಕೊಂಡು ಕೆಲವು ದಿನ ಸವಾರಿ ಮಾಡಿಯೇ ಹೊಸ ಜಾಗ ಸೇರಬೇಕು. ಅಣೆಕಟ್ಟು ಮೀನಿನ ದಾರಿ ಕಟ್ಟಿದರೆ ಚಿಪ್ಪಿನ ವಂಶವೂ ಅಲ್ಲಿಗೆ ಮುಗಿಯಿತು.

ಇದು ಕೇವಲ ಭಾವುಕತೆ ಎನ್ನುವವರು ಅಮೆರಿಕದ ಕಡೆಗೆ ಕಣ್ಣು ಹಾಯಿಸಲಿ. ಅಲ್ಲಿ ಕೊಲರಾಡೋ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು 1963ರಲ್ಲಿ ನೀರು ತಡೆಯಲಾರಂಭಿಸಿತು. ಪೇಟೆಗೆ ವಿದ್ಯುತ್ ಹೆಚ್ಚು ಬೇಕಾದ ಹೊತ್ತಿನಲ್ಲಿ ನೀರು ಹೆಚ್ಚು ಬಿಡುವುದು, ಬೇಡವಾದಾಗ ಇಳಿಸುವುದು, ಹೀಗೆ ದಿನಕ್ಕೊಮ್ಮೆ ಹೊಳೆ ಏರಿ ಇಳಿಯತೊಡಗಿತು. ಹುಳುಗಳು ದಡದ ಕಲ್ಲುಗಳಿಗೆ, ನೀರಿನ ಅಂಚಿನಲ್ಲಿಯೇ ಮೊಟ್ಟೆ ಅಂಟಿಸುತ್ತವೆ. ನೀರು ಇಳಿದರೆ ಮೊಟ್ಟೆ ಒಣಗಿ ಸಾಯುತ್ತದೆ. ಆ ಕಣಿವೆಯಲ್ಲಿ ಈ ಜಾತಿಯ ಹುಳುಗಳು ಬಹುಮಟ್ಟಿಗೆ ಅಳಿದುಹೋದವೆಂದೂ, ಅದರಿಂದ ಮೀನಿನ ಆಹಾರಕ್ಕೆ ಕುತ್ತು ಬಂದಿತೆಂದೂ 2016ರಲ್ಲಿ ಅಲ್ಲಿನ ವಿಜ್ಞಾನಿಗಳು ತೋರಿಸಿಕೊಟ್ಟರು. 2018ರ ಬೇಸಿಗೆಯಲ್ಲಿ ಶನಿವಾರ, ಭಾನುವಾರ ಮಾತ್ರ ನೀರನ್ನು ತಗ್ಗಿನಲ್ಲಿ ಸಮವಾಗಿ ಬಿಟ್ಟು ನೋಡಲಾಯಿತು. ಮನೆ ಕಟ್ಟುವ ಆ ಹುಳುಗಳು ಹೆಚ್ಚಿದವು. ವಾರದ ರಜೆಗಾಗಿ ನಾವು ಎಷ್ಟು ವರ್ಷ ಹೋರಾಡಬೇಕಾಯಿತೆಂಬುದು ನೆನಪಿದ್ದವರಿಗೆ ಈ ಸುದ್ದಿ ಓದಿ ನಗು ಬಾರದೇ ಇರದು. ಅಮೆರಿಕದ ಹುಳುವಿಗೂ ವಾರದ ರಜೆ ಬೇಕಾಯಿತು!

ಈಗ ನಮ್ಮ ಮನೆಯ ಮಾತಿಗೆ ಬರೋಣ. ಉತ್ತರ ಕನ್ನಡದಲ್ಲಿ ಎರಡು ಹೊಳೆಗಳು ಹೆಚ್ಚು ದೂರವಿಲ್ಲದೆ ಸಮುದ್ರ ಸೇರುತ್ತವೆ. ಹೊನ್ನಾವರದಲ್ಲಿ ಶರಾವತಿ, ಕುಮಟಾ ತಾಲೂಕಿನಲ್ಲಿ ಅಘನಾಶಿನಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಬಿತ್ತು. ಸಿರಸಿಯ ಕಡೆ ಹುಟ್ಟಿ ಸುಮಾರು 120 ಕಿಲೋಮೀಟರ್ ಹರಿಯುವ ಅಘನಾಶಿನಿಗೆ ಇಂದಿಗೂ ಅಣೆಕಟ್ಟಿಲ್ಲ.

ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಗೆ ಹೋಗಿ ನಿಲ್ಲಿ. ಮೊಣಕಾಲುದ್ದ ನೀರಿನಲ್ಲಿ ಹೆಂಗಸರು ಬಾಗಿ ಕೆಸರಿನಿಂದ ಬಳಚು ಆರಿಸುತ್ತಿರುತ್ತಾರೆ. ಗಂಡಸರು ಆಳದಲ್ಲಿ ಮುಳುಗಿ ತೆಗೆಯುತ್ತಾರೆ. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಹೆಚ್ಚಿನವರು ಭೂಮಿಯಿಲ್ಲದವರು ಅಥವಾ ತುಂಡು ಭೂಮಿಯವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಬಳಚು, ಅದರ ಬೆಲೆ 5 ಕೋಟಿ 78 ಲಕ್ಷ ರೂಪಾಯಿ, ಆರಿಸಿ ಬದುಕುವವರು 2,300ಕ್ಕೂ ಮೇಲ್ಪಟ್ಟವರು. ಮಾರುವ ಚಿಕ್ಕ ವ್ಯಾಪಾರಿಗಳು, ಗೋವಾದ ಪೇಟೆಗೆ ಕಳಿಸುವವರು, ಚಿಪ್ಪು ಸುಟ್ಟು ಸುಣ್ಣ ಮಾಡುವವರು ಬೇರೆ. ಈ ಗಿರಣಿಗೆ ಮಾಲಿಕನಿಲ್ಲ, ಗುತ್ತಿಗೆದಾರನಿಲ್ಲ, ಬಂಡವಾಳವೆಂದರೆ ಒಂದು ಬುಟ್ಟಿ. ಇದರ ಮೇಲೆ ಕಣ್ಣು ಬೀಳದೆ ಇದ್ದೀತೇ? 2006ರ ಸುಮಾರಿಗೆ ತದಡಿಯಲ್ಲಿ 4000 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ಜನರು ಎದ್ದು ನಿಂತದ್ದರಿಂದ ಅದು ನಿಂತಿತು. ಸರಕಾರವೇ ಒಪ್ಪಿ, 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಯನ್ನೂ ಸೇರಿತು.

ಬಳಚು ಅಲ್ಲಿ ಬೆಳೆಯುವುದು ಹೇಗೆ? ಮಳೆಗಾಲದ ಕೆಂಪು ನೆರೆ ಘಟ್ಟದ ಗೋಡುಮಣ್ಣು, ಎಲೆಯ ಸಾರ ಎಲ್ಲವನ್ನೂ ತಂದು ಅಳಿವೆಯನ್ನು ಸಿಹಿ ಮಾಡುತ್ತದೆ. ಮಳೆ ನಿಂತ ಮೇಲೆ ಉಬ್ಬರದ ಉಪ್ಪುನೀರು ಮೆಲ್ಲನೆ ಒಳಗೆ ಏರುತ್ತದೆ. ಬಳಚಿನ ಮರಿ ನೀರಿನಲ್ಲಿ ತೇಲಿ, ಹದವಾದ ಉಪ್ಪು ಸಿಕ್ಕ ಕಡೆ ಕೆಸರಿಗಿಳಿದು, ನೀರು ಸೋಸಿ ತಿಂದು ಬೆಳೆಯುತ್ತದೆ. ಒಂದು ಜಾತಿಗೆ ಉಪ್ಪು ಕಡಿಮೆ ಬೇಕು, ಇನ್ನೊಂದಕ್ಕೆ ಹೆಚ್ಚು. ಅಳಿವೆಯ ಉದ್ದಕ್ಕೂ ಅವು ಅವರವರ ಕೇರಿ ಮಾಡಿಕೊಂಡಿವೆ.

ಶರಾವತಿಯ ಅಳಿವೆಯಲ್ಲಿ ಈ ಕ್ರಮ ತಪ್ಪಿತು. ವಿದ್ಯುತ್ ತಯಾರಿಸಿದ ನೀರು ಬೇಸಿಗೆಯಲ್ಲಿಯೂ ಬಿಡದೆ ಸಮುದ್ರಕ್ಕೆ ಬರುತ್ತದೆ. ಉಪ್ಪು ಒಳಗೆ ಏರುವುದಕ್ಕೆ ಅವಕಾಶವಿಲ್ಲ. ಉಪ್ಪು ಬೇಕಾದ ಬಳಚುಗಳು ಅಲ್ಲಿ ಬಹಳವಾಗಿ ಕುಗ್ಗಿದವು. ಗಮನಿಸಿ, ಅಲ್ಲಿ ನೀರು ಕಡಿಮೆಯಾಗಿ ಕೆಟ್ಟದ್ದಲ್ಲ, ಹೊತ್ತಲ್ಲದ ಹೊತ್ತಿಗೆ ಬಂದು ಕೆಟ್ಟದ್ದು.

ಇಷ್ಟಾದರೂ ಅಘನಾಶಿನಿಯನ್ನು ಘಟ್ಟದ ಮೇಲಕ್ಕೆ ತಿರುಗಿಸಿ ವೇದಾವತಿಗೆ ಒಯ್ಯಬೇಕೆಂಬ ಮಾತು ನಿಂತಿಲ್ಲ. “ಮಳೆಗಾಲದ ಹೆಚ್ಚುವರಿ ನೀರನ್ನಷ್ಟೇ ಒಯ್ಯುತ್ತೇವೆ” ಎನ್ನುತ್ತಾರೆ. ಮಣ್ಣು, ಮರಳು, ಆಹಾರ ತರುವುದೇ ಆ ‘ಹೆಚ್ಚುವರಿ’ ನೆರೆ! ಕೂಲಿಯಿಂದ ಊಟದ ಬಾಬ್ತನ್ನು ಕಳೆದು ಉಳಿದದ್ದನ್ನು ಕೊಡುತ್ತೇನೆಂದರೆ ಯಾವ ಕಾರ್ಮಿಕ ಒಪ್ಪುತ್ತಾನೆ?

“ಹಾಗಾದರೆ ಗಿರಣಿಗೆ ಕರೆಂಟು ಬೇಡವೇ, ಚಿತ್ರದುರ್ಗದ ರೈತನಿಗೆ ನೀರು ಬೇಡವೇ?” ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶರಾವತಿಯ ವಿದ್ಯುತ್ತಿನಿಂದ ನಮ್ಮ ಮಗ್ಗಗಳು ಓಡಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬೆಳಕಿಗಾಗಿ ಮುಳುಗಿದ ಊರುಗಳ ಎಷ್ಟೋ ಕುಟುಂಬಗಳು ಮೂರು ತಲೆಮಾರಾದರೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಲೇ ಇವೆ, ಅಳಿವೆಯ ಬಳಚಿನವರನ್ನು ಯಾರೂ ಕೇಳಲೇ ಇಲ್ಲ. ಬಯಲುಸೀಮೆಯ ರೈತನಿಗೆ ಕೆರೆಯ ಹೂಳು ತೆಗೆಸದವರು, ಒತ್ತುವರಿ ಬಿಡಿಸದವರು, ಇದ್ದ ಮಳೆಯನ್ನೇ ಹಿಡಿಯದವರು ಅವನನ್ನು ಮುಂದೆ ನಿಲ್ಲಿಸಿ ಕರಾವಳಿಯ ಬಡವಿಯ ಬುಟ್ಟಿಗೆ ಕೈ ಹಾಕುವುದು ಸರಿಯಲ್ಲ. ಬಡವನನ್ನು ಬಡವಿಯ ಮೇಲೆ ಎತ್ತಿಕಟ್ಟುವ ಈ ಯುಕ್ತಿ ನಮಗೆ ಹಳೆಯದು.

ತಪ್ಪು ನಮ್ಮವರದೂ ಇದೆಯೆಂದು ಹೇಳಿಬಿಡುತ್ತೇನೆ. ಹೆಚ್ಚು ಹಣದ ಆಸೆಗೆ ಬೆರಳುಗುರಿನಷ್ಟು ಮರಿಯನ್ನೂ ಬಿಡದೆ ಬಾಚಿದರೆ ಅಣೆಕಟ್ಟಿಲ್ಲದೆಯೇ ಅಳಿವೆ ಬರಿದಾದೀತು. ಮರಿಯನ್ನು ಕೊಳ್ಳುವುದಿಲ್ಲವೆಂದು ವ್ಯಾಪಾರಿ ಬಂಧುಗಳೇ ಒಂದಾಗಿ ನಿಂತರೆ ಸಾಕು, ಇದಕ್ಕೆ ಸರಕಾರದ ಆಜ್ಞೆ ಬೇಕಿಲ್ಲ.

ಸರಕಾರದಿಂದ ನಾವು ಕೇಳುವುದು ಇಷ್ಟು. ನದಿ ತಿರುಗಿಸುವ ಯಾವ ಯೋಜನಾ ವರದಿಯೇ ಇರಲಿ, ಅದರ ಖರ್ಚಿನ ಕಲಮಿನಲ್ಲಿ ಅಳಿವೆಯ ಬಳಚು, ಮೀನು, ಗಜನಿಯ ಕಗ್ಗ ಭತ್ತ, ಇವುಗಳ ಬೆಲೆಯೂ ಇವುಗಳಿಂದ ಉಣ್ಣುವವರ ತಲೆಯೆಣಿಕೆಯೂ ಇರಬೇಕು. ವರದಿ ಕನ್ನಡದಲ್ಲಿ ಅಚ್ಚಾಗಿ ತದಡಿ, ಅಘನಾಶಿನಿ, ಮಾಣಿಕಟ್ಟಾ ಊರುಗಳಲ್ಲಿ ಓದಿ ಹೇಳಲ್ಪಡಬೇಕು. ಸಭೆಯ ಹೊತ್ತನ್ನು ಮಾತ್ರ ಇಳಿತದ ವೇಳೆಗೆ ಇಡಬಾರದು. ಆಗ ಹೆಂಗಸರೆಲ್ಲ ನೀರಿನಲ್ಲಿರುತ್ತಾರೆ.